ಹಠದ ಮದ್ದು ಯಾರ ಕೈಯಲ್ಲಿ?

ಶಿವಮೊಗ್ಗದಲ್ಲಿ ಸವಳಂಗ ರಸ್ತೆ ಎಂದರೆ ಆಟೋದವರಿಗೆ ಬಿಡಿಸಿ ಹೇಳಬೇಕಿಲ್ಲ. ನವುಲೆಯ ಇಂಜಿನಿಯರಿಂಗ್ ಕಾಲೇಜಿನ ಮುಂದೆ ಹಾದು ಶಿಕಾರಿಪುರದ ಕಡೆ ಹೊರಡುವ ದಾರಿ ಅದು. ಆ ರಸ್ತೆಗೆ ಹೆಸರು ಕೊಟ್ಟ ಊರು ಮಾತ್ರ ಈಗ ಶಿವಮೊಗ್ಗ ಜಿಲ್ಲೆಯಲ್ಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ ತಾಲ್ಲೂಕಿನ ಜೊತೆ ಸವಳಂಗವೂ ಆ ಕಡೆ ಸೇರಿತು. ಆಮೇಲೆ ನ್ಯಾಮತಿ ಬೇರೆ ತಾಲ್ಲೂಕಾದಾಗ ಸವಳಂಗ ಅದಕ್ಕೆ ಸೇರಿತು. ಜಿಲ್ಲೆ ಬದಲಾದಂದಿನಿಂದ ಸವಳಂಗದವರ ಓಡಾಟಕ್ಕೆ ಎರಡು ದಿಕ್ಕು. ಜಿಲ್ಲಾಧಿಕಾರಿ ಕಚೇರಿಯ ಕೆಲಸವಿದ್ದರೆ ದಾವಣಗೆರೆ, ಮೈಗೆ ಹುಷಾರಿಲ್ಲದಿದ್ದರೆ ಶಿವಮೊಗ್ಗ. ದಾವಣಗೆರೆ ಶಿವಮೊಗ್ಗಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದೂರ. ಜ್ವರ, ಮೂಳೆ ಮುರಿತ, ಹೆರಿಗೆ ಯಾವುದಾದರೂ ಸರಿ, ಬಸ್ಸು ಯಾವ ಕಡೆಗೆ ಹತ್ತಬೇಕು ಎನ್ನುವುದು ಎಲ್ಲರಿಗೂ ಗೊತ್ತು.

ಆರು ವರ್ಷದ ಮಗ ದಿನವೂ ರಚ್ಚೆ ಹಿಡಿದು, ಕೈಗೆ ಸಿಕ್ಕಿದ್ದನ್ನು ಎಸೆದು, ಅವ್ವನಿಗೇ ಹೊಡೆದು, ಶಾಲೆಯಲ್ಲಿ ಪಕ್ಕದವನನ್ನು ಕಚ್ಚಿ ಬಂದರೆ ಯಾವ ಬಸ್ಸು? ಇಲ್ಲಿ ಉತ್ತರ ತಡವರಿಸುತ್ತದೆ. ಮೊದಲು ದೃಷ್ಟಿ ತೆಗೆಯುತ್ತಾರೆ. ಆಮೇಲೆ ದೇವರ ಹೇಳಿಕೆ, ತಾಯಿತ. ಅದೂ ಫಲಿಸದಿದ್ದರೆ ಹೊಡೆತ. ಹೊಡೆತಕ್ಕೂ ಬಗ್ಗದಿದ್ದರೆ ಹಾಸ್ಟೆಲಿಗೆ ಹಾಕುವ ಮಾತು. ಇವನ್ನೆಲ್ಲ ಮೂಢತನ ಎಂದು ಒಂದೇ ಏಟಿಗೆ ತಳ್ಳಿಹಾಕುವ ವಿಜ್ಞಾನ ಬರಹಗಾರರ ಗುಂಪಿಗೆ ನಾನು ಸೇರಿದವನಲ್ಲ. ತಾಯಿತ ಕಟ್ಟಿಸುವ ತಾಯಿಗೆ ಒಂದು ವಿಷಯ ಸ್ಪಷ್ಟವಾಗಿ ಗೊತ್ತಿರುತ್ತದೆ: ಮಗುವಿಗೆ ಏನೋ ಆಗಿದೆ, ಅದು ಬೇಕೆಂದೇ ಹೀಗೆ ಮಾಡುತ್ತಿಲ್ಲ. ‘ಕೊಬ್ಬು ಜಾಸ್ತಿಯಾಗಿದೆ’ ಎನ್ನುವ ಮೇಷ್ಟರಿಗಿಂತ ಅವಳು ಸತ್ಯಕ್ಕೆ ಹೆಚ್ಚು ಹತ್ತಿರದಲ್ಲಿದ್ದಾಳೆ.

ತೊಂದರೆ ಎಷ್ಟು ವ್ಯಾಪಕ? ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಶೋಭಾ ಶ್ರೀನಾಥ್, ಸತೀಶ್ ಗಿರಿಮಾಜಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, 16 ವರ್ಷದೊಳಗಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ್ದರು. ವರದಿ 2005ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು 12 ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ಅಥವಾ ವರ್ತನೆಯ ತೊಂದರೆ ಕಂಡಿತು. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು, ಅತಿಯಾದ ಹೆದರಿಕೆ, ಅತಿ ಚಟುವಟಿಕೆ, ಉಗ್ಗು, ಎದುರು ನಿಲ್ಲುವ ಹಠಮಾರಿತನ ಇವೇ ಹೆಚ್ಚು. ನನ್ನ ಗಮನ ಸೆಳೆದದ್ದು ಅದೇ ವರದಿಯ ಇನ್ನೊಂದು ಅಂಕಿ: ‘ನಮ್ಮ ಮಗುವಿಗೆ ತೊಂದರೆಯಿದೆ’ ಎಂದು ಒಪ್ಪಿದ ಮನೆಗಳು ಶೇ. 37.5 ಮಾತ್ರ. ಬೆಂಗಳೂರಿನಂಥ ಕಡೆ, ನಿಮ್ಹಾನ್ಸ್‌ನ ಬಾಗಿಲಲ್ಲೇ ಈ ಪರಿಸ್ಥಿತಿ. ವೈದ್ಯರ ಕೊರತೆ ಎಷ್ಟಿದೆಯೋ, ಏನನ್ನು ಹುಡುಕಬೇಕು ಎನ್ನುವ ತಿಳಿವಳಿಕೆಯ ಕೊರತೆಯೂ ಅಷ್ಟೇ ಇದೆ. ಆದ್ದರಿಂದ ಯಾವ ಆಸ್ಪತ್ರೆ ಎನ್ನುವುದಕ್ಕೆ ಮೊದಲು, ಚಿಕಿತ್ಸೆ ಎಂದರೆ ಏನು ಎನ್ನುವುದನ್ನು ನೋಡೋಣ.

ಒಂದು ಮನೆಯನ್ನು ಊಹಿಸಿಕೊಳ್ಳಿ. ನ್ಯಾಮತಿ ಸೀಮೆಯ ಯಾವ ಊರಾದರೂ ಆದೀತು. ಅಪ್ಪ ಮೆಕ್ಕೆಜೋಳದ ಹೊಲಕ್ಕೆ ಹೋಗಿದ್ದಾನೆ. ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಅಜ್ಜಿ ಪಡಸಾಲೆಯಲ್ಲಿ ಕೂತಿದ್ದಾಳೆ. ಹುಡುಗನಿಗೆ ಮೊಬೈಲು ಬೇಕು. ‘ಈಗ ಬೇಡ’ ಎನ್ನುತ್ತಾಳೆ ಅವ್ವ. ಅವನು ದನಿ ಎತ್ತುತ್ತಾನೆ. ಅವಳೂ ಎತ್ತುತ್ತಾಳೆ. ಅವನು ನೆಲಕ್ಕೆ ಬಿದ್ದು ಕಾಲು ಬಡಿಯುತ್ತಾನೆ. ಅವಳು ಲಟ್ಟಣಿಗೆ ತೋರಿಸುತ್ತಾಳೆ. ಅವನು ನೀರಿನ ಚೊಂಬು ಎಸೆಯುತ್ತಾನೆ. ‘ಕೊಟ್ಟುಬಿಡೇ, ಸಾಯ್ಲಿ, ಅಕ್ಕಪಕ್ಕದೋರು ಏನಂದ್ಕೊಂಡಾರು’ ಎನ್ನುತ್ತಾಳೆ ಅಜ್ಜಿ. ಮೊಬೈಲು ಹುಡುಗನ ಕೈ ಸೇರುತ್ತದೆ. ಮನೆ ಥಟ್ಟನೆ ತಣ್ಣಗಾಗುತ್ತದೆ.

ಇಲ್ಲಿ ಯಾರು ಗೆದ್ದರು? ಹುಡುಗ ಎನ್ನುತ್ತೇವೆ. ಅಮೆರಿಕದ ಆರೆಗಾನ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಇದನ್ನು ಒಪ್ಪುತ್ತಿರಲಿಲ್ಲ. 1960ರ ದಶಕದಿಂದ ಆತ ಮತ್ತು ಆತನ ಸಂಗಡಿಗರು ಪುಂಡ ಮಕ್ಕಳಿದ್ದ ಮನೆಗಳಿಗೇ ಹೋಗಿ ಕೂತರು. ಯಾರು ಏನಂದರು, ಅದಕ್ಕೆ ಎದುರಿನವರು ಏನು ಮಾಡಿದರು ಎಂದು ಸೆಕೆಂಡುಗಳ ಲೆಕ್ಕದಲ್ಲಿ ಗುರುತು ಹಾಕಿಕೊಂಡರು. 1982ರಲ್ಲಿ ಪುಸ್ತಕವಾಗಿ ಬಂದ ಆ ಲೆಕ್ಕದ ಸಾರ ಇಷ್ಟು. ಜಗಳ ಮುಗಿದ ಕ್ಷಣದಲ್ಲಿ ಇಬ್ಬರಿಗೂ ಬಹುಮಾನ ಸಿಕ್ಕಿರುತ್ತದೆ. ಹುಡುಗನಿಗೆ ಮೊಬೈಲು, ಅವ್ವನಿಗೆ ನೆಮ್ಮದಿ. ಕಿರುಚಿದರೆ ಸಿಗುತ್ತದೆ ಎಂದು ಅವನು ಕಲಿತ. ಕೊಟ್ಟರೆ ನಿಲ್ಲುತ್ತದೆ ಎಂದು ಅವಳು ಕಲಿತಳು. ನಾಳೆ ಇಬ್ಬರೂ ಕಲಿತದ್ದನ್ನೇ ಮಾಡುತ್ತಾರೆ, ಆದರೆ ಇವತ್ತು ನಿಲ್ಲಿಸಿದ ಮಟ್ಟದಿಂದ ಶುರುಮಾಡುತ್ತಾರೆ. ದಿನ ಕಳೆದಂತೆ ಮೆಟ್ಟಿಲು ಏರುತ್ತ ಹೋಗುತ್ತದೆ. ಒಬ್ಬರನ್ನೊಬ್ಬರು ಬಲವಂತದಿಂದ ಪಳಗಿಸುವ ಈ ಸುತ್ತಿಗೆ ಪ್ಯಾಟರ್ಸನ್ ‘ಬಲವಂತದ ಚಕ್ರ’ ಎನ್ನುವ ಅರ್ಥದ ಹೆಸರಿಟ್ಟ.

ಹೊಡೆತವೂ ಇದೇ ಚಕ್ರದೊಳಗೆ ಕೂತಿದೆ. ಕೆನ್ನೆಗೆ ಒಂದು ಬಿಟ್ಟರೆ ಆ ಕ್ಷಣ ಸದ್ದಡಗುತ್ತದೆ, ಅಂದರೆ ಹೊಡೆದವರಿಗೆ ಬಹುಮಾನ ಸಿಕ್ಕಿತು. ಹೀಗೆ ಹೊಡೆಯುವ ಅಭ್ಯಾಸ ಹೊಡೆಯುವವರಲ್ಲಿ ಗಟ್ಟಿಯಾಗುತ್ತ ಹೋಗುತ್ತದೆ. ಹೊಡೆಸಿಕೊಳ್ಳುವವನು ಕಲಿಯುವುದು ದೊಡ್ಡವರು ಚಿಕ್ಕವರನ್ನು ಹೇಗೆ ಬಗ್ಗಿಸುತ್ತಾರೆ ಎನ್ನುವುದನ್ನು. ಆ ಪಾಠವನ್ನು ಅವನು ಶಾಲೆಯಲ್ಲಿ ತನಗಿಂತ ಸಣ್ಣವನ ಮೇಲೆ ಪ್ರಯೋಗಿಸುತ್ತಾನೆ. ‘ನಾವೂ ಏಟು ತಿಂದೇ ಬೆಳೆದಿದ್ದು, ಏನಾಗಿದೀವಿ?’ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಚಿಕ್ಕದು: ಏಟು ತಿಂದೂ ಬೆಳೆದಿರಿ, ಏಟಿನಿಂದ ಬೆಳೆದಿರಿ ಎನ್ನುವುದಕ್ಕೆ ಆಧಾರವಿಲ್ಲ. ಶಾಲೆಯಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಚಕ್ರ ಅರ್ಥವಾದ ಕೂಡಲೇ ಒಂದು ದಾರಿ ಹೊಳೆಯುತ್ತದೆ: ನಾಳೆಯಿಂದ ಮೊಬೈಲು ಕೊಡುವುದೇ ಇಲ್ಲ. ಸರಿಯಾದ ದಾರಿಯೇ. ಆದರೆ ಬಹಳ ಮನೆಗಳು ಮೂರನೆಯ ದಿನಕ್ಕೆ ಕೈಚೆಲ್ಲುತ್ತವೆ, ಅದಕ್ಕೆ ಕಾರಣವಿದೆ. ಒಂದು ವರ್ತನೆಗೆ ಬರುತ್ತಿದ್ದ ಪ್ರತಿಫಲ ನಿಂತಾಗ ಅನೇಕ ಸಲ ಅದು ಮೊದಲು ಜೋರಾಗುತ್ತದೆ, ಆಮೇಲೆ ಇಳಿಯುತ್ತದೆ. ಪ್ರಯೋಗಾಲಯದ ಇಲಿ, ಪಾರಿವಾಳಗಳಲ್ಲೂ ಕಾಣುವ ಸಂಗತಿ ಇದು. ಹತ್ತು ನಿಮಿಷ ಅಳುತ್ತಿದ್ದವನು ಅರ್ಧ ಗಂಟೆ ಅಳುತ್ತಾನೆ. ‘ಡಾಕ್ಟ್ರು ಹೇಳಿದಂಗೆ ಮಾಡಿದ್ವಿ, ಇನ್ನೂ ಜಾಸ್ತಿಯಾಯ್ತು’ ಎಂದು ಮನೆಯವರು ಸೋಲುತ್ತಾರೆ. ಆ ಅರ್ಧ ಗಂಟೆಯ ಕೊನೆಗೆ ಕೊಟ್ಟುಬಿಟ್ಟರೆ, ಅರ್ಧ ಗಂಟೆ ಅಳಬೇಕು ಎಂದು ಕಲಿಸಿದಂತಾಯಿತು. ಜೋರಾಗುವುದು ಚಿಕಿತ್ಸೆ ನಾಟುತ್ತಿದೆ ಎನ್ನುವ ಸೂಚನೆ ಎಂದು ಮೊದಲೇ ಹೇಳಿದ್ದರೆ ಮನೆ ತಡೆದುಕೊಳ್ಳುತ್ತದೆ. ಒಳ್ಳೆಯ ಚಿಕಿತ್ಸಕರು ಇದನ್ನು ಮೊದಲ ವಾರವೇ ಹೇಳುತ್ತಾರೆ.

ಇನ್ನೊಂದು ತೊಡಕು ನಮ್ಮ ಕೂಡುಮನೆಗಳದ್ದು. ಅವ್ವ ಗಟ್ಟಿಯಾಗಿ ನಿಂತಳು, ಅಪ್ಪನೂ ನಿಂತ, ಅಜ್ಜಿಯೂ ಒಪ್ಪಿದಳು. ವಾರಕ್ಕೊಮ್ಮೆ ಬರುವ ಚಿಕ್ಕಪ್ಪ ‘ಬಾರೋ ಮರಿ’ ಎಂದು ತನ್ನ ಮೊಬೈಲು ಕೊಟ್ಟ. ಅಲ್ಲಿಗೆ ಆರು ದಿನದ ಕೆಲಸ ಹೋಯಿತು. ಆರು ದಿನ ಸಿಗದೆ ಏಳನೆಯ ದಿನ ಸಿಕ್ಕಿದ್ದು, ದಿನಾ ಸಿಗುವುದಕ್ಕಿಂತ ಹಠವನ್ನು ಹೆಚ್ಚು ಗಟ್ಟಿ ಮಾಡುತ್ತದೆ. ನಮ್ಮ ಕಡೆ ಓಸಿ ಎಂಬ ನಂಬರಿನ ಜೂಜು ಆಡುವವರನ್ನು ನೋಡಿ. ದಿನಾ ಗೆಲ್ಲುವುದಿಲ್ಲ, ಎಂದೋ ಒಂದು ದಿನ ನಂಬರು ಹೊಡೆಯುತ್ತದೆ, ಆ ಒಂದು ದಿನಕ್ಕಾಗಿ ವರ್ಷಗಟ್ಟಲೆ ಚೀಟಿ ಬರೆಸುತ್ತಾರೆ. ಮನಶ್ಶಾಸ್ತ್ರಜ್ಞರಾದ ಬಿ.ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ದೊಡ್ಡ ಗ್ರಂಥ ಬರೆದು ತೋರಿಸಿದ್ದೂ ಇದನ್ನೇ: ಯಾವಾಗ ಬರುತ್ತದೆಂದು ಗೊತ್ತಿಲ್ಲದ ಪ್ರತಿಫಲ ಅಭ್ಯಾಸವನ್ನು ಬಲು ಹಠಮಾರಿಯಾಗಿಸುತ್ತದೆ. ಆದ್ದರಿಂದ ತಾಯಿಗೊಬ್ಬಳಿಗೇ ಬುದ್ಧಿ ಹೇಳಿ ಕಳಿಸುವ ಸಲಹೆ ನಮ್ಮ ಮನೆಗಳಲ್ಲಿ ನಿಲ್ಲುವುದಿಲ್ಲ. ಅಜ್ಜಿ, ಅಪ್ಪ, ಚಿಕ್ಕಪ್ಪ ಎಲ್ಲರೂ ಒಂದು ಸಲವಾದರೂ ಬಂದು ಕೂರಬೇಕು.

ಹೀಗೆ ಮನೆಮಂದಿಯನ್ನು ಕೂರಿಸಿಕೊಳ್ಳುವುದು ಹೊರಗಿನಿಂದ ಬಂದ ಪದ್ಧತಿ ಎಂದುಕೊಳ್ಳಬೇಡಿ. ಮನೋರೋಗ ಆಸ್ಪತ್ರೆಗಳು ಗೋಡೆ ಕಟ್ಟಿ ರೋಗಿಗಳನ್ನು ದೂರವಿಡುತ್ತಿದ್ದ 1950ರ ದಶಕದಲ್ಲೇ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಅದೇ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜೂ ಆ ದಾರಿ ಹಿಡಿಯಿತು. 1970ರ ದಶಕದಲ್ಲಿ ನಿಮ್ಹಾನ್ಸ್ ಕುಟುಂಬ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ತೆರೆಯಿತು; ಮನೆಯವರು ಒಟ್ಟಿಗೆ ಬಂದು ಉಳಿದು ಚಿಕಿತ್ಸೆ ಪಡೆಯುವ ಏರ್ಪಾಡು ಅಲ್ಲಿದೆ. ಅಮೆರಿಕದ ಕುಟುಂಬ ಚಿಕಿತ್ಸಕ ಸಾಲ್ವಡೋರ್ ಮಿನೂಚಿನ್ ನ್ಯೂಯಾರ್ಕಿನ ಬಡ ಕುಟುಂಬಗಳ ನಡುವೆ ಕೆಲಸ ಮಾಡಿ 1967ರಲ್ಲಿ ಬರೆದ ಪುಸ್ತಕದಲ್ಲಿ ಹೇಳಿದ್ದೂ ಇದೇ ಜಾಡಿನ ಮಾತು: ಮನೆಯೊಳಗೆ ಯಾರು ಯಾರ ಪಕ್ಷ, ಯಾರ ಮಾತು ನಡೆಯುತ್ತದೆ ಎನ್ನುವ ಜೋಡಣೆ ಬದಲಾಗದೆ ಮಗುವಿನ ವರ್ತನೆ ಬದಲಾಗದು. ಅತ್ತೆ–ಸೊಸೆಯ ಮುಸುಕಿನ ಜಗಳದಲ್ಲಿ ಮೊಮ್ಮಗ ಅಜ್ಜಿಯ ಪಕ್ಷದ ಸೈನಿಕನಾಗಿರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ಚಿಕಿತ್ಸೆಯಲ್ಲಿ ಏನು ನಡೆಯುತ್ತದೆ? ಜನ ಇಲ್ಲಿ ಬೆರಗಾಗುತ್ತಾರೆ. ಮೊದಲ ಅರ್ಧಭಾಗದಲ್ಲಿ ಶಿಸ್ತಿನ ಮಾತೇ ಇರುವುದಿಲ್ಲ. ಕಾನ್‌ಸ್ಟನ್ಸ್ ಹ್ಯಾನ್ಫ್ ಎಂಬಾಕೆ ಆರೆಗಾನ್‌ನಲ್ಲೇ 1960ರ ದಶಕದ ಕೊನೆಗೆ ಎರಡು ಹಂತದ ಕ್ರಮವೊಂದನ್ನು ರೂಪಿಸಿದಳು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪಾಲಕರ ತರಬೇತಿಯ ಬಹಳಷ್ಟು ಕಾರ್ಯಕ್ರಮಗಳು ಅದರ ಕವಲುಗಳು. ಶೀಲಾ ಐಬರ್ಗ್ 1970ರ ದಶಕದಲ್ಲಿ ಕಟ್ಟಿದ ಪದ್ಧತಿ ಅವುಗಳಲ್ಲಿ ಹೆಸರಾದದ್ದು. ತಾಯಿ ಮಗುವಿನೊಡನೆ ಕೋಣೆಯೊಳಗೆ ಆಡುತ್ತಾಳೆ, ಚಿಕಿತ್ಸಕಿ ಗಾಜಿನ ಆಚೆ ಕೂತು ತಾಯಿಯ ಕಿವಿಯಲ್ಲಿರುವ ಸಣ್ಣ ಯಂತ್ರದ ಮೂಲಕ ‘ಈಗ ಹೊಗಳಿ’, ‘ಈಗ ಸುಮ್ಮನಿರಿ’ ಎಂದು ಹೇಳಿಕೊಡುತ್ತಾಳೆ. ಮಗುವನ್ನು ಚಿಕಿತ್ಸಕಿ ಮುಟ್ಟುವುದೂ ಇಲ್ಲ.

ಆ ಮೊದಲ ಹಂತಕ್ಕೆ ಗಾಜೂ ಬೇಡ, ಯಂತ್ರವೂ ಬೇಡ. ದಿನಕ್ಕೆ ಐದು ನಿಮಿಷ ಮಗುವಿನ ಜೊತೆ ಆಡಬೇಕು, ಆಟ ಯಾವುದೆಂದು ಮಗುವೇ ಹೇಳಬೇಕು. ಆ ಐದು ನಿಮಿಷ ಅಪ್ಪಣೆ ಕೊಡುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ, ತಪ್ಪು ಎತ್ತುವಂತಿಲ್ಲ. ಅದು ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತ ಹೋಗಬೇಕು: ‘ಓ, ಟ್ರ್ಯಾಕ್ಟರಿಗೆ ಜೋಳ ತುಂಬ್ತಿದೀಯ... ಈ ಕಲ್ಲನ್ನ ಪಕ್ಕಕ್ಕಿಟ್ಟೆ... ಚೆಲ್ಲದಂಗೆ ಸುರೀತಿದೀಯ, ಭಾಳ ಚೆನ್ನಾಗೈತೆ.’ ಓದಲು ತಮಾಷೆಯಾಗಿದೆ. ಮಾಡಿ ನೋಡಿದರೆ ಐದು ನಿಮಿಷ ‘ಹಂಗಲ್ಲ, ಹಿಂಗೆ’ ಎನ್ನದೆ ಇರುವುದು ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ಹಠದ ಮಗುವಿಗೆ ದೊಡ್ಡವರ ಗಮನ ಸಿಗುವುದು ಬಹುಪಾಲು ತಪ್ಪು ಮಾಡಿದಾಗ. ಸುಮ್ಮನೆ ಆಡುತ್ತಿದ್ದರೆ ‘ಸದ್ಯ, ಸುಮ್ನಿದಾನೆ’ ಎಂದು ನಾವು ನಮ್ಮ ಕೆಲಸಕ್ಕೆ ಹೋಗುತ್ತೇವೆ. ಹಾಗಾಗಿ ಸುಮ್ಮನಿರುವುದಕ್ಕೆ ಪ್ರತಿಫಲ ಸೊನ್ನೆ, ಚೊಂಬು ಎಸೆಯುವುದಕ್ಕೆ ಮನೆಯೇ ಓಡಿಬರುತ್ತದೆ. ಐದು ನಿಮಿಷದ ಆಟ ಈ ಲೆಕ್ಕವನ್ನು ತಿರುಗಿಸುತ್ತದೆ.

ಹೊಗಳಿಕೆಗೆ ನಮ್ಮಲ್ಲಿ ಒಂದು ಅಡ್ಡಿಯಿದೆ. ಮಕ್ಕಳನ್ನು ಎದುರಿಗೆ ಹೊಗಳಿದರೆ ದೃಷ್ಟಿಯಾಗುತ್ತದೆ, ಸೊಕ್ಕು ಬರುತ್ತದೆ ಎಂದು ಹಿರಿಯರು ಹೆದರುತ್ತಾರೆ. ಅವರ ಜೊತೆ ವಾದಕ್ಕಿಳಿಯುವ ಅಗತ್ಯವಿಲ್ಲ. ಮಗುವನ್ನು ಹೊಗಳದೆ ಕೆಲಸವನ್ನು ಹೊಗಳಿದರಾಯಿತು. ‘ನಮ್ಮ ಹುಡುಗ ಬಂಗಾರ’ ಎನ್ನುವುದಕ್ಕಿಂತ ‘ಉಂಡ ತಟ್ಟೆ ನೀನೇ ಎತ್ತಿಟ್ಟೆ’ ಎನ್ನುವುದು ವಿಜ್ಞಾನದ ಲೆಕ್ಕದಲ್ಲೂ ಹೆಚ್ಚು ಕೆಲಸ ಮಾಡುತ್ತದೆ, ಯಾಕೆಂದರೆ ಯಾವುದನ್ನು ಮತ್ತೆ ಮಾಡಬೇಕು ಎಂದು ಮಗುವಿಗೆ ತಿಳಿಯುತ್ತದೆ.

ಎರಡನೆಯ ಹಂತದಲ್ಲಿ ಅಪ್ಪಣೆ ಕೊಡುವುದನ್ನು ಕಲಿಸುತ್ತಾರೆ. ‘ಬಾ, ಚಪ್ಪಲಿ ಬಿಡು, ಯೂನಿಫಾರ್ಮ್ ಬಿಚ್ಚು, ಕೈ ತೊಳಿ, ಎಷ್ಟು ಸಲ ಹೇಳ್ಬೇಕು ನಿಂಗೆ’ ಎಂಬ ಸರಮಾಲೆಯ ಬದಲು ಹತ್ತಿರ ಹೋಗಿ, ಹೆಸರು ಹಿಡಿದು, ಒಂದು ಸಲಕ್ಕೆ ಒಂದೇ ಮಾತು. ಮಾಡಿದರೆ ಕೂಡಲೇ ಮೆಚ್ಚುಗೆ. ಮಾಡದಿದ್ದರೆ ಒಂದೇ ಎಚ್ಚರಿಕೆ. ಆಮೇಲೂ ಮಾಡದಿದ್ದರೆ ಕೆಲವೇ ನಿಮಿಷ ಎಲ್ಲರಿಂದ ದೂರ, ಯಾರ ಮಾತೂ ನೋಟವೂ ಸಿಗದಂತೆ ಒಂದು ಕಡೆ ಕೂರಿಸುವುದು. ಕತ್ತಲೆ ಕೋಣೆಗೆ ಕೂಡಿಹಾಕುವುದು ಇದಲ್ಲ, ಗಂಟೆಗಟ್ಟಲೆ ನಿಲ್ಲಿಸುವುದೂ ಅಲ್ಲ. ಮೊದಲ ಹಂತದ ಆಟ ಇಲ್ಲದ ಮನೆಯಲ್ಲಿ ಈ ಎರಡನೆಯದು ಕೆಲಸ ಮಾಡುವುದೂ ಇಲ್ಲ. ಯಾರ ಗಮನವೂ ಇಲ್ಲದ ಮಗುವಿನಿಂದ ಗಮನವನ್ನು ಕಿತ್ತುಕೊಳ್ಳುವುದು ಹೇಗೆ?

ಇದು ಫಲಿಸುತ್ತದೆಯೇ? 3ರಿಂದ 12 ವರ್ಷದ ಮಕ್ಕಳ ಪಾಲಕರಿಗೆ ಗುಂಪಿನಲ್ಲಿ ಕೊಟ್ಟ ತರಬೇತಿಯ 13 ಪ್ರಯೋಗಗಳನ್ನು ಕಾಕ್ರೇನ್ ಎಂಬ ಸಂಶೋಧಕರ ಜಾಲದ ಪರಾಮರ್ಶೆಯೊಂದು 2012ರಲ್ಲಿ ಒಟ್ಟಿಗೆ ತೂಗಿ ನೋಡಿತು. ಮಕ್ಕಳ ಪುಂಡತನ ಇಳಿದಿತ್ತು, ತಂದೆತಾಯಿಯ ಮಾನಸಿಕ ಆರೋಗ್ಯವೂ ಸುಧಾರಿಸಿತ್ತು. ಆ ಪ್ರಯೋಗಗಳು ಹೆಚ್ಚಾಗಿ ಶ್ರೀಮಂತ ದೇಶಗಳವು; ಹಲವು ವರ್ಷಗಳ ನಂತರವೂ ಫಲ ನಿಲ್ಲುತ್ತದೆಯೇ ಎನ್ನುವುದಕ್ಕೆ ಸಾಕಷ್ಟು ಪುರಾವೆ ಇರಲಿಲ್ಲ. ಹತ್ತಿರದ ಉದಾಹರಣೆ ಬೇಕೆಂದರೆ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಟ್ಟಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವಿದೆ. ಅದರಲ್ಲಿದ್ದದ್ದು ಆಟಿಸಂ ಇರುವ 65 ಮಕ್ಕಳು. ಮಗುವಿನೊಡನೆ ಬೆರೆಯುವ ಬಗೆಯನ್ನು ತಂದೆತಾಯಿಗೆ ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಆದರೂ ತಂದೆತಾಯಿ ಮಗುವಿಗೆ ಸ್ಪಂದಿಸುವ ರೀತಿ ಸ್ಪಷ್ಟವಾಗಿ ಬದಲಾಯಿತು, ಮಗು ತಾನಾಗಿ ಮಾತಿಗೆ ಬರುವುದು ಹೆಚ್ಚಿತು. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಇರುವ ಪ್ರತಿ ಊರಿಗೂ ಈ ಫಲಿತಾಂಶ ಸಂಬಂಧಪಟ್ಟದ್ದು.

ಹಾಗೆಂದು ಎಲ್ಲ ಹಠವೂ ಮನೆಯ ಚಕ್ರದಿಂದ ಹುಟ್ಟಿದ್ದಲ್ಲ. ಕರೆದರೆ ತಿರುಗಿ ನೋಡದ ಮಗುವಿಗೆ ಕಿವಿ ಕೇಳಿಸುತ್ತಿಲ್ಲದಿರಬಹುದು. ಪಾಠದ ನಡುವೆ ಆಗಾಗ ಕೆಲವು ಸೆಕೆಂಡು ‘ಎಲ್ಲೋ ಹೋಗಿಬಿಡುವ’ ಹುಡುಗಿಗೆ ಬಿದ್ದು ಒದ್ದಾಡದ ಬಗೆಯ ಮೂರ್ಛೆಯಿರಬಹುದು. ಮೂರನೇ ತರಗತಿಗೆ ಬರುತ್ತಿದ್ದಂತೆ ಶಾಲೆಯೆಂದರೆ ಸಿಡಿಯುವವನಿಗೆ ಓದಲು ಅಕ್ಷರವೇ ಕೂಡಿಬರುತ್ತಿಲ್ಲದಿರಬಹುದು. ರಕ್ತಹೀನತೆ, ನಿದ್ದೆಯ ಕೊರತೆ, ಆಟಿಸಂ, ಬುದ್ಧಿ ಬೆಳವಣಿಗೆಯ ಹಿನ್ನಡೆ, ಎಡಿಎಚ್‌ಡಿ ಎನ್ನುವ ಅತಿಚಟುವಟಿಕೆಯ ತೊಂದರೆ ಇವನ್ನೆಲ್ಲ ಮೊದಲು ನೋಡಬೇಕು. ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಬದಲಾದರೆ ಯಾರಾದರೂ ಅದಕ್ಕೆ ಕೇಡು ಮಾಡುತ್ತಿದ್ದಾರೆಯೇ ಎಂದು ಅನುಮಾನಿಸಲೇಬೇಕು. ಮಾತ್ರೆ ಬೇಕಾಗುವುದು ಇವುಗಳಲ್ಲಿ ಕೆಲವಕ್ಕೆ ಮಾತ್ರ. ಎಡಿಎಚ್‌ಡಿ ಇರುವ 579 ಮಕ್ಕಳನ್ನು 14 ತಿಂಗಳು ಹಿಂಬಾಲಿಸಿ 1999ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಚಂಚಲತೆಯನ್ನು ತಗ್ಗಿಸಲು ವರ್ತನಾ ಚಿಕಿತ್ಸೆಗಿಂತ ಔಷಧಿಯೇ ಮುಂದಿತ್ತು. ಆರು ವರ್ಷದೊಳಗಿನ ಮಕ್ಕಳಿಗೆ ಪಾಲಕರ ತರಬೇತಿ ಮೊದಲು, ಔಷಧಿ ಆಮೇಲೆ ಎನ್ನುವುದು ಈಗಿನ ವೈದ್ಯಕೀಯ ನಿಲುವು. ಬರಿಯ ರಚ್ಚೆಗೆ, ಎದುರುಮಾತಿಗೆ ಮಾತ್ರೆಯಿಲ್ಲ.

ಈ ಸೀಮೆಯಲ್ಲಿ ಇನ್ನೆರಡು ಕಾರಣಗಳನ್ನು ಹೇಳದೆ ಮುಂದೆ ಹೋಗಲಾರೆ. ಒಂದು, ಕುಡಿತ. ಸಂಜೆಯಾದರೆ ಅಪ್ಪ ಹೇಗೆ ಬರುತ್ತಾನೋ ಎಂದು ಬಾಗಿಲು ನೋಡುವ ಮಗುವಿಗೆ ನೀವು ಯಾವ ವರ್ತನಾ ಚಿಕಿತ್ಸೆ ಕೊಟ್ಟರೂ ವ್ಯರ್ಥ. ಅಲ್ಲಿ ಮೊದಲ ರೋಗಿ ಅಪ್ಪ. ಎರಡು, ಗುಳೆ. ಸವಳಂಗದಿಂದ ದೂರವಲ್ಲದ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಇಲ್ಲಿನವರು ನಂಬುವ ಊರು, ಸುತ್ತ ಅನೇಕ ತಾಂಡಾಗಳಿವೆ. ಅಲ್ಲಿಂದ ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲಿಕ್ಕೆ ತಂದೆತಾಯಿ ತಿಂಗಳುಗಟ್ಟಲೆ ಊರು ಬಿಡುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ, ಇಲ್ಲವೇ ಶಾಲೆ ಬಿಟ್ಟು ಜೊತೆಗೆ ಹೋಗುತ್ತವೆ. ಅಂಥ ಮಗು ಯಾರ ಮಾತೂ ಕೇಳದಿದ್ದರೆ ಅದನ್ನು ಪುಂಡತನ ಎನ್ನುವ ಮೊದಲು ಅಗಲಿಕೆ ಎಂದು ಓದಬೇಕು. ಅದಕ್ಕೆ ಬೇಕಾದದ್ದು ಹತ್ತಿರದಲ್ಲೇ ಕೂಲಿ ಮತ್ತು ಊರಲ್ಲೇ ವಸತಿ ಶಾಲೆ. ಆಪ್ತಸಲಹೆ ಆಮೇಲಿನ ಮಾತು.

ಈಗ ಬಸ್ಸಿನ ಪ್ರಶ್ನೆ. ಶಿವಮೊಗ್ಗದ ಕಡೆ ಹತ್ತಿದರೆ ಮೆಗ್ಗಾನ್ ಆಸ್ಪತ್ರೆಯಿದೆ, ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಮಕ್ಕಳ ವಿಭಾಗವೂ ಮನೋವೈದ್ಯ ವಿಭಾಗವೂ ಒಂದೇ ಆವರಣದಲ್ಲಿ ಸಿಗುತ್ತವೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇವೆ. ಮನಸ್ಸಿನ ಕಾಯಿಲೆಗೆ ಆಸ್ಪತ್ರೆಗೆ ಹೋಗುವುದು ನಾಚಿಕೆಯಲ್ಲ ಎಂದು ಈ ಭಾಗದ ಜನಕ್ಕೆ ಒಪ್ಪಿಸಿದವರಲ್ಲಿ ಶಿವಮೊಗ್ಗದ ಡಾ. ಕೆ.ಎ. ಅಶೋಕ ಪೈ ಮುಖ್ಯರು. 2016ರಲ್ಲಿ ತೀರಿಕೊಳ್ಳುವವರೆಗೂ ಅವರು ಚಿಕಿತ್ಸೆ ಕೊಟ್ಟರು, ಕನ್ನಡದಲ್ಲಿ ಬರೆದರು, ಮನೋವೈಜ್ಞಾನಿಕ ವಸ್ತುವಿನ ‘ಕಾಡಿನ ಬೆಂಕಿ’ಯಂಥ ಸಿನಿಮಾಗಳನ್ನೂ ನಿರ್ಮಿಸಿದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಚಿಕ್ಕ ಚಿಕ್ಕ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳವರೆಗೂ ತಲುಪಿವೆ.

ದೂರ ಹೋಗುವ ಮೊದಲು ಹತ್ತಿರ ಏನಿದೆ ಎಂದೂ ನೋಡಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯಲ್ಲೇ ಕೊಡಬಹುದು ಎಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಈ ಪ್ರಯೋಗದ ಕೂಸು. ಕರ್ನಾಟಕ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಹೊನ್ನಾಳಿ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಹೊರಟರೆ ಒಂದು ದಿನದ ಕೂಲಿ ಉಳಿಯುತ್ತದೆ. ಹಗಲು ರಾತ್ರಿ ಯಾವಾಗ ಬೇಕಾದರೂ 14416 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್‌ನ ಆಪ್ತಸಲಹೆಗಾರರು ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಿಂದ ಇದು ನಡೆಯುತ್ತಿದೆ. ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಪೇಟೆಗಳಲ್ಲಿ ಈಗ ‘ಥೆರಪಿ ಸೆಂಟರ್’ ಬೋರ್ಡುಗಳು ಹೆಚ್ಚುತ್ತಿವೆ. ಒಳ್ಳೆಯವೂ ಇವೆ, ಬರೀ ಬೋರ್ಡು ಇರುವವೂ ಇವೆ. ಮನೋವೈದ್ಯರು ಎಂಬಿಬಿಎಸ್ ಮೇಲೆ ಓದಿದವರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಅವರ ಕೆಲಸ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ಹೆಸರು ನೋಂದಣಿಯಾಗಿರಬೇಕು. ಆ ಸಂಖ್ಯೆ ಕೇಳುವುದು ನಿಮ್ಮ ಹಕ್ಕು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ‘ಮಗುವಿನ ಜೊತೆ ನೀವು ಮಾಡುವುದನ್ನು ನಮಗೂ ಕಲಿಸುತ್ತೀರಾ?’ ಮಗುವನ್ನು ಒಳಗೆ ಕರೆದು ಬಾಗಿಲು ಹಾಕಿ, ಮುಕ್ಕಾಲು ಗಂಟೆಯ ನಂತರ ಹೊರಗೆ ಬಿಟ್ಟು, ದುಡ್ಡು ತೆಗೆದುಕೊಂಡು, ನಿಮಗೆ ಏನೂ ಹೇಳದೆ ಕಳಿಸುವ ಕಡೆ ಎರಡನೇ ಸಲ ಹೋಗಬೇಡಿ. ವಾರದಲ್ಲಿ ಒಂದು ಗಂಟೆ ಅವರ ಹತ್ತಿರ ಇರುವ ಮಗು ಉಳಿದಷ್ಟೂ ಹೊತ್ತು ನಿಮ್ಮ ಹತ್ತಿರ ಇರುತ್ತದೆ. ಸವಳಂಗದಂಥ ಊರಿನಿಂದ ವಾರವಾರ ಶಿವಮೊಗ್ಗಕ್ಕೆ ಓಡಾಡಲಾಗದವರಿಗೆ ಇದು ಸಮಾಧಾನದ ಸುದ್ದಿಯೂ ಹೌದು: ಈ ಚಿಕಿತ್ಸೆಯ ದೊಡ್ಡ ಭಾಗ ನಡೆಯುವುದು ನಿಮ್ಮ ಪಡಸಾಲೆಯಲ್ಲೇ, ಆಸ್ಪತ್ರೆಗೆ ಹೋಗುವುದು ಕಲಿತು ಬರಲಿಕ್ಕೆ.

ಕೊನೆಗೊಂದು ಕೆಲಸದ ಮಾತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು ಎನ್ನುವುದು ನಿಯಮ. ಅವರು ನೋಡಬೇಕಾದ ಪಟ್ಟಿಯಲ್ಲಿ ಕಿವಿ, ಮಾತು, ಕಲಿಕೆ, ವರ್ತನೆ ಎಲ್ಲವೂ ಸೇರಿವೆ. ತೊಂದರೆ ಕಂಡರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಉಚಿತವಾಗಿ ಕಳಿಸಬೇಕು. ತಂಡ ಬರುವ ದಿನ ಅಂಗನವಾಡಿ ಕಾರ್ಯಕರ್ತೆಗೆ ಮೊದಲೇ ಗೊತ್ತಿರುತ್ತದೆ. ಆ ದಿನ ಹೊಲದ ಕೆಲಸಕ್ಕೆ ಒಂದೆರಡು ಗಂಟೆ ತಡವಾದರೂ ಸರಿ, ನೀವೇ ಹೋಗಿ ಮಗುವಿನ ಪಕ್ಕ ನಿಂತು, ಮನೆಯಲ್ಲಿ ಏನಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಿ. ತೂಕದ ತಕ್ಕಡಿಗೆ ಹಠ ಕಾಣುವುದಿಲ್ಲ.